ಹಿತ್ತಿಲ ತೊರೆ ಕಾಯುತ್ತಿದ್ದ ಕಾಕ

ಕಾಕನ ಅಂಗಿಯ ಬಲತೋಳು ಯಾವಾಗಲೂ ಮೊಣಕೈಯ ಮೇಲಕ್ಕೆ ಮಡಚಿಯೇ ಇರುತ್ತಿತ್ತು. ಎಳೆಮಗುವಿಗೆ ಸ್ನಾನ ಮಾಡಿಸುವವರು ನೀರಿನ ಹದ ನೋಡುವಂತೆ ಅವರು ದಿನಕ್ಕೆ ನಾಲ್ಕು ಸಲ ಕೊಳಕ್ಕೆ ಮೊಣಕೈ ಅದ್ದುತ್ತಿದ್ದರು. ಚಳಿಗಾಲದಲ್ಲಿ ಆ ಕೈಯ ಚರ್ಮ ಬಿರಿದು ಬೆಳ್ಳಗಾಗುತ್ತಿತ್ತು. ಎಣ್ಣೆ ಹಚ್ಚಿ ಎಂದರೆ, ಅದು ನೀರಿಗೆ ಬಿಡುತ್ತದೆ ಎಂದು ಒಪ್ಪುತ್ತಿರಲಿಲ್ಲ.

ಬಂಟ್ವಾಳದ ಕಡೆಯ ಬ್ಯಾರಿ ಅವರು, ಹಿರಿಯರೆಂದು ನಾವು ಕಾಕ ಎನ್ನುತ್ತಿದ್ದೆವು. ಸೌದಿಯ ಖತೀಫ್‌ನ ದೊಡ್ಡ ಮನೆಯೊಂದರಲ್ಲಿ ತೋಟದ ಕೆಲಸ. ನಾನು ಕುಂದಾಪುರದವನು, ಅದೇ ಮನೆಗೆ ಹೊಸದಾಗಿ ಬಂದ ಡ್ರೈವರ್. ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಅವನ ಮುದಿ ತಾಯಿ ಚಿಕ್ಕವಳಿದ್ದಾಗ ಅಲ್ಲಿ ಖರ್ಜೂರದ ತೋಟಗಳ ನಡುವೆ ಒರತೆಯ ನೀರು ಹರಿಯುತ್ತಿತ್ತಂತೆ. ಈಗ ಎಲ್ಲ ಬತ್ತಿದೆ. ಅದಕ್ಕೇ ಮಗ ಹಿತ್ತಿಲಲ್ಲಿ ಕೊಳ ತೋಡಿಸಿ, ಕಲ್ಲು ಪೇರಿಸಿ, ಪಂಪಿನಿಂದ ನೀರು ಮೇಲೇರಿಸಿ ಪುಟ್ಟ ತೊರೆ ಹರಿಸಿದ್ದ. ಅಜ್ಜಿ ಅದರ ಪಕ್ಕ ಕುಳಿತು ಮೀನುಗಳಿಗೆ ರೊಟ್ಟಿಚೂರು ಹಾಕುತ್ತಿದ್ದಳು. ತೊರೆ ನಿಂತ ದಿನ ಅವಳು ಉಣ್ಣುತ್ತಿರಲಿಲ್ಲ.

ಸೌದಿಯಲ್ಲಿ ಎಂಥ ಚಳಿ ಎಂದು ಊರಿನವರು ನಗುತ್ತಾರೆ. ಜನವರಿಯ ಗಾಳಿಗೆ ಹಲ್ಲು ಕಟಕಟ ಎನ್ನುತ್ತದೆ. ಬಿಸಿಲಿಗೆ ಒಗ್ಗಿದ ಮೀನುಗಳಿಗೆ ಅದು ಪ್ರಾಣಕ್ಕೇ ಬರುತ್ತದೆ. ಸಂಜೆ ಅಜ್ಜಿ ಒಳಗೆ ಹೋದೊಡನೆ ಕಾಕ ತೊರೆಯನ್ನು ಸಣ್ಣಗೆ ಮಾಡಿ, ಬೋರ್‌ವೆಲ್ಲಿನ ಬೆಚ್ಚನೆಯ ನೀರು ಸ್ವಲ್ಪ ಬಿಡುತ್ತಿದ್ದರು. ಬಿಸಿಲೇರಿದ ಮೇಲಷ್ಟೇ ಪೂರ್ತಿ ಹರಿಸುವುದು. “ಹಾರಿದ ನೀರಿಗೆ ಚಳಿ ಹಿಡೀತದೆ, ಮಾರಾಯ” ಎನ್ನುತ್ತಿದ್ದರು. ನನ್ನ ಗಡಿಬಿಡಿ ಕಂಡು, ನೀನು ಹಾರ್ನ್ ಹೊಡೆದು ಮೀನು ಕರೆಯುವವ ಎಂದು ಕುಟುಕುವುದೂ ಇತ್ತು.

ಆ ಚಳಿಗಾಲ ಅವರು ಊರಿಗೆ ಹೋಗಲೇಬೇಕಿತ್ತು. ಹೆಂಡತಿಯ ಗಂಟಲಲ್ಲಿ ಗಡ್ಡೆ. ಆಪರೇಷನ್ ಆದ ಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದಕ್ಕೆ ಮೊದಲು ಎರಡು ದಿನ ಎದುರು ಕೂತು ಅವಳ ಮಾತು ಕೇಳಬೇಕು, ಕಾಕನಿಗೆ ಬೇರೇನೂ ಬೇಕಿರಲಿಲ್ಲ. ಫೋನ್ ಇದೆಯಲ್ಲ ಎಂದೆ, ನನ್ನ ಬುದ್ಧಿ ಅಷ್ಟೇ. “ಫೋನಲ್ಲಿ ಇಪ್ಪತ್ತಾರು ವರ್ಷ ಕೇಳಿ ಆಗಿದೆ” ಎಂದರು. ಕೊಳವನ್ನು ನಾನು ನೋಡಿಕೊಳ್ಳುತ್ತೇನೆಂದ ಮೇಲೆ ಕಫೀಲ್ ರಜೆಗೆ ಒಪ್ಪಿದ.

ಹೊರಡುವುದಕ್ಕೆ ಎರಡು ದಿನ ಇದೆ ಎನ್ನುವಾಗ ಅವರು ಸಾಮಾನು ತರಲು ದಮ್ಮಾಮಿಗೆ ಹೋಗಿ ಗೆಳೆಯರ ರೂಮಿನಲ್ಲಿ ಉಳಿದರು. ಕೊಳ ಮೊದಲ ಸಲ ನನ್ನ ಕೈಗೆ ಬಂತು. ಸಂಜೆ ಬೋರ್‌ವೆಲ್ಲಿನ ಮೋಟಾರು ಓಡಲಿಲ್ಲ. ನಾನು ಸೌದಿಗೆ ಬಂದದ್ದು ಆಗಸ್ಟ್‌ನಲ್ಲಿ. ಆಗ ತಾರಸಿಯ ಟಾಂಕಿಯ ನೀರು ಕೈ ಸುಡುತ್ತಿತ್ತು, ಬಕೆಟ್‌ನಲ್ಲಿ ಆರಲು ಇಟ್ಟು ಸ್ನಾನ ಮಾಡುತ್ತಿದ್ದೆವು. ಚಳಿ ಬಂದ ಮೇಲೆ ಗೀಸರ್ ನೀರನ್ನಷ್ಟೇ ಮುಟ್ಟಿದವನಿಗೆ ಟಾಂಕಿಯ ನೀರೆಂದರೆ ಬಿಸಿ ಎಂದೇ ತಲೆಯಲ್ಲಿ ಕೂತಿತ್ತು. ಮೀನುಗಳು ಬೆಚ್ಚಗಿರಲಿ ಎಂದು ಆ ಟಾಂಕಿಯ ಪೈಪನ್ನೇ ಕೊಳಕ್ಕೆ ಬಿಟ್ಟು, ಕೈ ಕೂಡ ಅದ್ದಿ ನೋಡದೆ ಹೋಗಿ ಮಲಗಿದೆ.

ಜನವರಿಯ ಗಾಳಿಗೆ ತಾರಸಿಯ ನೀರು ಮಂಜಿನಂತೆ ತಣ್ಣಗಾಗಿತ್ತು. ಬೆಳಿಗ್ಗೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಜ್ಜಿ ಕುರ್ಚಿ ಹಿಡಿದು ಅಳುತ್ತಿದ್ದಳು. ಯಾರ ಕೆಲಸ ಎಂದು ಕಫೀಲ್ ಕೂಗಾಡುವ ಹೊತ್ತಿಗೆ ಕಾಕ ಚೀಲ ಹೊತ್ತು ಗೇಟಿನಿಂದ ಬಂದರು. ಮೊಣಕೈ ಅದ್ದಿದರು. ಪೈಪನ್ನು ನೋಡಿದರು, ನನ್ನನ್ನು ನೋಡಿದರು.

“ಅನಾ ಗಲ್ತಾನ್” ಎಂದರು. ತಪ್ಪು ನನ್ನದು ಎಂದು. ದಮ್ಮಾಮಿಗೆ ಹೋಗುವ ಅವಸರದಲ್ಲಿ ತಾನೇ ಪೈಪು ತಪ್ಪಾಗಿ ಜೋಡಿಸಿದೆ ಎಂದು ವಿವರಿಸಿದರು. ನಾನು ಅದಾಗಲೇ ಕಾರನ್ನು ಗೇಟಿಗೆ ಗುದ್ದಿ, ಇನ್ನೊಂದು ತಪ್ಪಾದರೆ ಊರಿಗೆ ಕಳಿಸುತ್ತೇನೆ ಎನಿಸಿಕೊಂಡವನು. ಬಾಯಿ ಬಿಡಲಿಲ್ಲ. ಹೊಸ ಮೀನು ತಂದು ಅವು ಒಗ್ಗುವವರೆಗೆ ಕಾಕನ ರಜೆ ರದ್ದಾಯಿತು.

ಆ ಸಂಜೆ ಕಾಲು ಹಿಡಿಯಲು ಹೋದೆ. “ನಿನ್ನನ್ನು ಕಳಿಸಿದ್ರೆ ಕೊಳ ನೋಡ್ಲಿಕ್ಕೆ ಜನ ಇಲ್ಲ, ನನಗೆ ಹೇಗೂ ರಜೆ ಇಲ್ಲ. ಮತ್ತೆ ಎಂತಕ್ಕೆ ಇಬ್ರು ಹಾಳಾಗುದು?” ಎಂದು ಪಂಪಿನ ಜಾಲರಿ ತೊಳೆಯಲು ಕೂತರು. ಅವರ ಮಾತು ಸರಿಯೇ ಇರಬಹುದು. ಆದರೆ ನಾನು ಸುಮ್ಮನಿದ್ದದ್ದು ಹೆದರಿ, ಅಷ್ಟೆಲ್ಲ ಯೋಚಿಸಿ ಅಲ್ಲ. ಆಪರೇಷನ್ ಹೇಳಿದ ದಿನವೇ ಆಯಿತು. ಕಾಕ ಊರು ಸೇರಿದ್ದು ಮಾರ್ಚ್‌ನಲ್ಲಿ.

ಕಳೆದ ವರ್ಷ ರಜೆಯಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಕೆಲಸ ಬಿಟ್ಟು ಊರಲ್ಲೇ ಇದ್ದಾರೆ. ಅವರ ಹೆಂಡತಿ ಕೈಸನ್ನೆಯಲ್ಲೇ ನನ್ನನ್ನು ಕೂರಿಸಿ ಒಳಗೆ ಹೋದರು. ಈವತ್ತು ಅವರ ಮುಂದೆ ನಿಜ ಹೇಳಿಯೇ ಹೋಗುತ್ತೇನೆ ಎಂದೆ. ಕಾಕ ನನ್ನ ಮಣಿಕಟ್ಟು ಹಿಡಿದರು.

“ನನ್ನ ತಪ್ಪಿಂದ ಬರ್ಲಿಕ್ಕೆ ಆಗ್ಲಿಲ್ಲಾಂತ ಅವಳು ತುಂಬ ಸಮಯ ನನ್ನ ಮುಖ ನೋಡ್ಲಿಲ್ಲ. ಈಗ ಕ್ಷಮಿಸಿ ಆಗಿದೆ. ಇನ್ನು ನಿನ್ನನ್ನು ಕ್ಷಮಿಸ್ಲಿಕ್ಕೆ ಅವಳಿಗೆ ಸುರುವಿಂದ ಕೆಲಸ ಕೊಡ್ಬೇಡ.”

ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು. ಲೋಟ ಕೊಟ್ಟು, ನಾನೇನೋ ಹೇಳುತ್ತೇನೆಂದು ನನ್ನ ಮುಖವನ್ನೇ ನೋಡುತ್ತ ನಿಂತರು. ಚಹಾ ಚೆನ್ನಾಗಿದೆ ಎಂದೆ.