ತಕ್ಕಡಿ ಮೇಷ್ಟ್ರು

ಅರ್ಧ ಅಂಕವೂ ಆಚೀಚೆ ಆಗದಂತೆ ತೂಗಿ ಕೊಡುತ್ತಾರೆಂದು ಕಾಲೇಜಿನಲ್ಲಿ ಅವರಿಗೆ ತಕ್ಕಡಿ ಮೇಷ್ಟ್ರು ಎಂದೇ ಹೆಸರು. ಅವರ ಹತ್ತಿರ ಅಂಕ ಪಡೆಯುವುದೆಂದರೆ ಕಲ್ಲು ಹಿಂಡಿ ನೀರು ತೆಗೆದ ಹಾಗೆ ಎಂದು ವಿದ್ಯಾರ್ಥಿಗಳು ಗೊಣಗುತ್ತಿದ್ದರು. ಆ ಗೊಣಗಾಟವನ್ನೇ ಬಿರುದಿನಂತೆ ಹೊತ್ತು ಮೇಷ್ಟ್ರು ಇಪ್ಪತ್ತೆರಡು ವರ್ಷ ಕಳೆದಿದ್ದರು. ಅಸೈನ್‌ಮೆಂಟುಗಳು ಆನ್‌ಲೈನ್ ಪೋರ್ಟಲ್‌ಗೆ ಬರತೊಡಗಿದ ಮೇಲೂ ಅವರ ಪ್ರಶ್ನೆ ಬದಲಾಗಲಿಲ್ಲ, ಪ್ರತಿವರ್ಷ ಅದೇ.

ಹತ್ತಕ್ಕೆ ನಾಲ್ಕು ಬಂದ ಹುಡುಗಿಯೊಬ್ಬಳು ಮಧ್ಯಾಹ್ನ ಸ್ಟಾಫ್‌ರೂಮಿಗೆ ಬಂದು, "ನಾಲ್ಕೇ ಯಾಕೆ ಸರ್?" ಎಂದಳು.

ಮೇಷ್ಟ್ರಿಗೆ ಮೈ ಉರಿದುಹೋಯಿತು. ನಕಲು ಪತ್ತೆಹಚ್ಚುವ ವರದಿ ಬೆಳಿಗ್ಗೆಯಷ್ಟೇ ಪೋರ್ಟಲ್‌ನಲ್ಲಿ ಬಂದಿತ್ತು. ಅದನ್ನು ತೆರೆದು ಪರದೆಯನ್ನು ಅವಳತ್ತ ತಿರುಗಿಸಿದರು. ಎರಡು ಉತ್ತರಗಳು ಅಕ್ಕಪಕ್ಕ ನಿಂತಿದ್ದವು, ಸಾಲಿಗೆ ಸಾಲು ಒಂದೇ.

"ಹೋದ ವರ್ಷ ನಿಮ್ಮಕ್ಕ ಬರೆದಿದ್ದು ಇದು. ಹೆಸರು ಮಾತ್ರ ಬದಲಾಯಿಸಿದೀಯ. ನಿನಗೆ ನಾಲ್ಕಲ್ಲ, ಸೊನ್ನೆ."

ಪಕ್ಕದ ಮೇಜಿನವರು ಪೆನ್ನು ಕೆಳಗಿಟ್ಟರು. ಹುಡುಗಿ ಪರದೆಯಿಂದ ಕಣ್ಣೆತ್ತಿದಳು.

"ಸೊನ್ನೆ ಹಾಕಿ ಸರ್, ತಪ್ಪು ನಂದೇ. ಆದ್ರೆ ಇದಕ್ಕೇ ನಮ್ಮಕ್ಕಂಗೆ ಒಂಬತ್ತು ಕೊಟ್ಟಿದ್ರಿ."

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಬಾಗಿ ನೋಡಿದರು. ಅಕ್ಕನ ಉತ್ತರದ ಕೆಳಗೆ ಅವರೇ ಹಾಕಿದ ಒಂಬತ್ತಿತ್ತು. ಹೋದ ವರ್ಷ ಅವರು ಓದಿದ ಮೂರನೆಯ ಉತ್ತರ ಅದು. ಈ ವರ್ಷ ತಂಗಿಯದು ಅರವತ್ತೊಂದನೆಯದು, ಕಣ್ಣು ಸೋತ ಹೊತ್ತಿನದು.

ಮೇಷ್ಟ್ರು ಸೊನ್ನೆ ಹಾಕಿದರು. ಅವಳು ಹೊರಟುಹೋದಳು. ಆಮೇಲೆ, ಓದಿದ ಕ್ರಮದಲ್ಲೇ ಇದ್ದ ಪಟ್ಟಿಯಲ್ಲಿ ಅವಳ ಮೇಲಿನ ಹೆಸರುಗಳು ಕಣ್ಣಿಗೆ ಬಿದ್ದವು. ಅರವತ್ತನೆಯವನಿಗೂ ನಾಲ್ಕು, ಐವತ್ತೊಂಬತ್ತನೆಯವಳಿಗೂ ನಾಲ್ಕು. ಅವರು ಯಾರದ್ದನ್ನೂ ನಕಲು ಮಾಡಿರಲಿಲ್ಲ. ಯಾಕೆಂದು ಕೇಳಲೂ ಬಂದಿರಲಿಲ್ಲ.