ಆ ಗ್ಲಾಸು ನನ್ನದು

ಫೋಟೋದಲ್ಲಿ ವಸುಧಾಳ ಕೈಯಲ್ಲಿದ್ದ ಗ್ಲಾಸು ನನ್ನದು. ಅದರಲ್ಲಿದ್ದ ವೈನು ಕುಡಿಯುತ್ತಿದ್ದವಳು ನಾನು. ಅವಳನ್ನು ಆ ಮೇಳಕ್ಕೆ ಎಳೆದುಕೊಂಡು ಹೋದವಳೂ ನಾನೇ. ಇಷ್ಟು ಹೇಳಲು ನನಗೆ ಆರು ವರ್ಷ ಬೇಕಾಯಿತು. ಅಷ್ಟೂ ಕಾಲ ಒಬ್ಬ ತಾಯಿ ತನ್ನ ಮಗಳನ್ನು ಭಾನುವಾರಗಳಲ್ಲಿ ಮಾತ್ರ, ಅದೂ ಇನ್ನೊಬ್ಬರ ಮನೆಯ ಹಾಲಿನಲ್ಲಿ ಕುಳಿತು, ನೋಡಿ ಬಂದಳು.

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿದರೆ ಮತ್ತೆ ಸುಮ್ಮನಾಗಿಬಿಡುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು.

ವಸುಧಾ ನನ್ನ ಗಂಡನ ತಂಗಿ. ಭದ್ರಾವತಿಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಾಳೆ. ಗಂಡ ತೀರಿಕೊಂಡ ಮೇಲೆ, ತನ್ನ ಮಾವನ ಹೆಸರಿನಲ್ಲಿದ್ದ ಅಲ್ಲಿನ ಚಿಕ್ಕ ಮನೆಯಲ್ಲಿ ಮಗಳು ಸಿಂಚನಾಳೊಂದಿಗೆ ಇದ್ದಳು. ಅವಳ ಮಾವ, ಅತ್ತೆ, ಗಂಡನ ಅಣ್ಣ ರಾಜಶೇಖರ — ಇವರೆಲ್ಲ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ. ನಮ್ಮದು ಅದೇ ಊರಿನ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ, ಹಿಂದುಗಡೆಯೇ ಮನೆ; ಗಂಡ, ನಾನು, ಮಕ್ಕಳು. ರವಿಕೆ ಕಣಗಳ ಕಡೆ ನಾನು ಕೂರುತ್ತೇನೆ.

ಗಿರಾಕಿಯೊಬ್ಬರು ಎರಡು ಪಾಸು ಕೊಟ್ಟುಹೋಗಿದ್ದರು. ಊರಾಚೆಯ ಹೋಟೆಲೊಂದರ ಹುಲ್ಲುಹಾಸಿನಲ್ಲಿ ದ್ರಾಕ್ಷಾರಸ ಮೇಳ. ಎಲ್ಲ ಮಳಿಗೆಗಳಲ್ಲೂ ಒಂದೇ ಜಾತಿಯ ದ್ರಾಕ್ಷಿಯಿಂದ ತೆಗೆದ ವೈನು — ಬೆಂಗಳೂರು ನೀಲಿ. ಬೀಜವಿರುವ, ಅದುಮಿದರೆ ಸಿಪ್ಪೆಯಿಂದ ಜಾರಿ ಬಾಯಿಗೆ ಬೀಳುವ ಕಪ್ಪು ದ್ರಾಕ್ಷಿ ಇದೆಯಲ್ಲ, ಅದೇ. ಚಿಕ್ಕವಳಿದ್ದಾಗ ಪೊಟ್ಟಣಗಟ್ಟಲೆ ತಿಂದ ಹಣ್ಣು. ಅದರಿಂದ ವೈನು ಹೇಗಾಗುತ್ತದೆ, ನೋಡಬೇಕು ಅನ್ನಿಸಿತು. ನೋಡಬೇಕು ಎಂದರೆ — ಕುಡಿಯಬೇಕು ಅನ್ನಿಸಿತು. ಮದುವೆಯಾದಾಗಿನಿಂದ ಶನಿವಾರ ಶನಿವಾರ ಗಂಡನ ಗ್ಲಾಸು ತೊಳೆದವಳು ನಾನು. ಒಂದು ಸಲ ನನ್ನದೇ ಗ್ಲಾಸು ಹಿಡಿಯುವ ಆಸೆ ಇತ್ತು.

ಅವತ್ತು ಭಾನುವಾರ. ಮಗಳ ಯೂನಿಫಾರ್ಮಿಗೆ ಬಟ್ಟೆ ಬೇಕೆಂದು ವಸುಧಾ ಬಂದಿದ್ದಳು. “ಬಾರೇ ಮಾರಾಯ್ತಿ, ಹೋಗಿ ನೋಡ್ಕೊಂಡು ಬರೋಣ” ಅಂದೆ.

“ಬೇಡ ಅತ್ತಿಗೆ, ಯಾರಾದ್ರೂ ನೋಡಿದ್ರೆ ನನಗೆ ತೊಂದ್ರೆ. ನಿಮ್ಮ ತರ ಅಲ್ಲ ನಾನು.”

ನಿಮ್ಮ ತರ ಅಲ್ಲ. ಗಂಡನಿಲ್ಲದವಳನ್ನು ಎಷ್ಟು ಕಣ್ಣುಗಳು ಕಾಯುತ್ತಿರುತ್ತವೆ ಎಂದು ಅವಳು ಹೇಳುತ್ತಿದ್ದಳು. ನಾನು ನಕ್ಕೆ. ನಕ್ಕು ಅವಳ ಕೈ ಹಿಡಿದು ಆಟೋ ಹತ್ತಿಸಿದೆ. ಸಿಂಚನಾ ಅಂಗಡಿಯಲ್ಲಿ ನನ್ನ ಗಂಡನ ಜೊತೆ ಉಳಿದಳು; ನಾವು ಎಲ್ಲಿಗೆ ಹೊರಟೆವೆಂದು ಅವರಿಗೆ ಹೇಳಲಿಲ್ಲ.

ಮೇಳದಲ್ಲಿ ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮಳಿಗೆಯ ಹುಡುಗಿಯೊಬ್ಬಳು, ಮೊದಲು ಗ್ಲಾಸು ಓರೆ ಮಾಡಿ ಬಣ್ಣ ನೋಡಿ, ಆಮೇಲೆ ವಾಸನೆ, ಕೊನೆಗೆ ಒಂದು ಗುಟುಕು ಎಂದು ಹೇಳಿಕೊಟ್ಟಳು. ಒಂದು ಮಳಿಗೆಯದು ಶರಬತ್ತಿನಂತೆ ಸಿಹಿ. ಪಕ್ಕದ್ದು ನಾಲಿಗೆಯನ್ನೇ ಒಣಗಿಸುವಷ್ಟು ಒಗರು. ಇನ್ನೊಂದು ತೆಳು ಗುಲಾಬಿ ಬಣ್ಣದ್ದು, ತಣ್ಣಗೆ. ಆದರೆ ಮೂಗಿಗೆ ಹಿಡಿದರೆ ಎಲ್ಲದರಲ್ಲೂ ಅದೇ ಕಪ್ಪು ದ್ರಾಕ್ಷಿ! ನಾನು ಮಳಿಗೆಯಿಂದ ಮಳಿಗೆಗೆ ಹೋದೆ. ವಸುಧಾ ಬಾಟಲಿ ನೀರು ಹಿಡಿದು ನನ್ನ ಹಿಂದೆ. ಕೊನೆಗೆ ನನ್ನ ಕಾಟಕ್ಕೆ ಒಂದೇ ಒಂದು ಗುಟುಕು ಕುಡಿದು, ಮುಖ ಕಿವುಚಿ, “ಅಯ್ಯೋ, ಹಣ್ಣೇ ತಿನ್ಬಹುದಿತ್ತಲ್ಲ ಅತ್ತಿಗೆ” ಅಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ನನ್ನ ಚಪ್ಪಲಿಯ ಬಾರು ಬಿಚ್ಚಿಕೊಂಡಿತು. ಗ್ಲಾಸನ್ನು ಅವಳ ಕೈಗೆ ಕೊಟ್ಟು ಬಗ್ಗಿದೆ.

ಫೋಟೋ ತೆಗೆದದ್ದು ಆಗ. ತೆಗೆದವರು ಯಾರೋ ಗೊತ್ತಿಲ್ಲ, ಅದು ವಾಟ್ಸಾಪಿನಲ್ಲಿ ಹೇಗೆ ಹರಿಯಿತೋ ಗೊತ್ತಿಲ್ಲ. ಫೋಟೋದಲ್ಲಿ ವಸುಧಾ ಒಬ್ಬಳೇ ಇದ್ದಾಳೆ — ತುಂಬಿದ ಗ್ಲಾಸು, ಬಾಯಿ ತುಂಬ ನಗು. ಮೂಲೆಯಲ್ಲಿ ಕಾಣುವ ಸೀರೆಯ ಚೂರು ನನ್ನದು.

ಹೊರಡುವಾಗ ಇನ್ನೊಂದು ನಡೆಯಿತು. ಗೇಟಿನ ಹತ್ತಿರದ ಮಳಿಗೆಯಲ್ಲಿ ರಾಜಶೇಖರ ಇದ್ದರು. ಸ್ನೇಹಿತರ ಜೊತೆ, ಕೈಯಲ್ಲಿ ಗ್ಲಾಸು, ತುಟಿಯೆಲ್ಲ ನೇರಳೆ. ವಸುಧಾ ಮುಂದೆ ಹೋಗಿದ್ದಳು, ಅವಳು ನೋಡಲಿಲ್ಲ. ಅವರು ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಗ್ಲಾಸನ್ನೂ ನೋಡಿದರು. ನಾನೂ ಅವರದನ್ನು ನೋಡಿದೆ. ಇಬ್ಬರೂ ಮುಖ ತಿರುಗಿಸಿದೆವು.

ಆ ವಾರವೇ ಅವರು ತಮ್ಮ ಅಪ್ಪನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ವಸುಧಾಳನ್ನು ಭದ್ರಾವತಿಯಿಂದ ಕರೆಸಿದ್ದರು. ಮೊಬೈಲನ್ನು ಟೀಪಾಯಿಯ ಮೇಲೆ ಇಟ್ಟು ಮುದುಕರು ಕೇಳಿದರು, “ಏನಮ್ಮ ಇದು?”

“ಒಂದು ಗುಟುಕು ರುಚಿ ನೋಡಿದೆ ಮಾವ. ಗ್ಲಾಸು ನಂದಲ್ಲ” ಅಂದಳು ವಸುಧಾ. ಯಾರದು ಎಂದು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನಾನೇ ಹೇಳುತ್ತೇನೆ ಎಂದುಕೊಂಡಿದ್ದಳು.

ರಾಜಶೇಖರ ನನ್ನತ್ತ ತಿರುಗಿದರು. “ಜೊತೇಲಿದ್ದಿದ್ದು ನೀವು ಗಿರಿಜಮ್ಮ. ಹೇಳಿ, ಇವಳೇ ತಾನೆ ನಿಮ್ಮನ್ನ ಕರ್ಕೊಂಡು ಹೋಗಿದ್ದು?”

ಅವರಿಗೆ ಎಲ್ಲ ಗೊತ್ತಿತ್ತು! ಗೊತ್ತಿದ್ದೂ ನನಗೊಂದು ದಾರಿ ತೆರೆದು ಹಿಡಿದಿದ್ದರು — ನೀನು ನನ್ನ ಸುದ್ದಿ ಎತ್ತಬೇಡ, ನಿನ್ನದನ್ನು ನಾನು ಎತ್ತುವುದಿಲ್ಲ. ನನ್ನ ಗಂಡ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತಿದ್ದರು. ನಾನು ಆ ದಾರಿಯಲ್ಲಿ ಓಡಿದೆ.

“ಬೇಡ ಅಂದೆ. ಅವಳೇ ಹಟ ಮಾಡಿದ್ಲು. ನಾನು ಮುಟ್ಲೂ ಇಲ್ಲ.”

“ಅತ್ತಿಗೆ—” ಅಂದಳು ವಸುಧಾ.

ತೀರ್ಪು ಮೊದಲೇ ತಯಾರಿತ್ತು. ಮಗು ಹೊಸಮನೆಗೆ ಬರಬೇಕು, ಅಜ್ಜ ಅಜ್ಜಿಯ ಹತ್ತಿರ ಬೆಳೆಯಬೇಕು; ಒಪ್ಪದಿದ್ದರೆ ಭದ್ರಾವತಿಯ ಮನೆ ಖಾಲಿ ಮಾಡಬೇಕು. ವಸುಧಾ ಅಳಲಿಲ್ಲ. ಅಣ್ಣನ ಕಡೆ ತಿರುಗಿ, “ಅಣ್ಣ, ನಾನು, ಸಿಂಚು ಸ್ವಲ್ಪ ದಿನ ಇಲ್ಲಿರಬಹುದಾ?” ಎಂದು ಕೇಳಿದಳು. ಅವರು ನನ್ನ ಮುಖ ನೋಡಿದರು. ಹೂಂ ಅಂದಿದ್ದರೆ ಸಾಕಿತ್ತು — ನಾನು ಕಾಫಿ ತರುತ್ತೇನೆಂದು ಅಡುಗೆಮನೆಗೆ ಹೋದೆ. ಅವಳು ಮನೆಯಲ್ಲೇ ಇದ್ದರೆ ಒಂದಲ್ಲ ಒಂದು ದಿನ ನಿಜ ಹೊರಬೀಳುತ್ತದೆ ಎಂಬ ಭಯ. ಕಾಫಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ಶನಿವಾರ ರಾಜಶೇಖರ ಮತ್ತೆ ಬಂದರು. ನನ್ನ ಗಂಡನೂ ಅವರೂ ಮಹಡಿಯ ಮೇಲೆ ಕೂತು ಬಾಟಲಿ ತೆರೆದರು. “ಹೆಂಗಸರು ಹೀಗೆಲ್ಲ ಶುರು ಮಾಡಿದ್ರೆ ಮನೆ ಉಳಿಯುತ್ತಾ?” ಎಂದು ಒಬ್ಬರು, “ಉಳಿಯಲ್ಲ ಬಿಡಿ” ಎಂದು ಇನ್ನೊಬ್ಬರು. ನಾನು ಕಡಲೆಬೀಜ ಹುರಿದು ತಂದಿಟ್ಟೆ. ಆ ತಟ್ಟೆಯನ್ನು ಅವರ ಮುಖದ ಮೇಲೆ ಎಸೆಯಬೇಕಿತ್ತು. ಎಸೆಯಲಿಲ್ಲ. ಉಪ್ಪು ಸಾಕಾ ಎಂದು ಕೇಳಿದೆ. ಅವರ ಮೇಲಿನ ಸಿಟ್ಟಿನ ಎರಡರಷ್ಟು ಸಿಟ್ಟು ನನಗೆ ಆ ಉಪ್ಪು ಕೇಳಿದ ಹೆಂಗಸಿನ ಮೇಲೆ.

ಸಿಂಚನಾಳಿಗೆ ಆಗ ಹತ್ತು ವರ್ಷ. ಈಗ ಹದಿನಾರು, ಮೊದಲ ಪಿಯುಸಿ. ಆ ಮನೆಯವರು ಅವಳನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಚೆನ್ನಾಗಿಯೇ ಓದಿಸಿದರು. ಜೊತೆಗೆ ಅವಳ ಅಮ್ಮ ಎಂಥವಳೆಂದು ದಿನಾ ಸ್ವಲ್ಪ ಸ್ವಲ್ಪ ಕಲಿಸಿದರು. ಕಳೆದ ತಿಂಗಳು ಕಾಲೇಜಿನ ಕಾರ್ಯಕ್ರಮಕ್ಕೆ ರವಿಕೆ ಬಟ್ಟೆ ಆರಿಸಲು ಅಂಗಡಿಗೆ ಬಂದಿದ್ದಳು.

“ಅಮ್ಮನ್ನೂ ಕರೀತೀಯಲ್ಲ?” ಎಂದೆ.

“ಅವರು ಬೇಡ ಅತ್ತೆ. ಕುಡ್ಕೊಂಡು ಬಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?”

ಕೆನ್ನೆಗೆ ಬಾರಿಸಲು ಕೈ ಎತ್ತಿದ್ದೆ. ಹುಡುಗಿ ಬೆದರಿ ಹಿಂದೆ ಸರಿದಳು. ಎತ್ತಿದ ಕೈ ಹಾಗೇ ನಿಂತಿತು — ಅವಳ ಬಾಯಿಂದ ಬಂದದ್ದು ನನ್ನದೇ ಮಾತಲ್ಲವೇ? ನಾನು ಆವತ್ತು ಬಿತ್ತಿದ್ದನ್ನೇ ಅವಳು ಹೇಳಿದ್ದಲ್ಲವೇ?

ಮಾರನೆಯ ದಿನ ಭದ್ರಾವತಿಗೆ ಹೋದೆ. ಬಸ್ಸು ಮಲವಗೊಪ್ಪ ದಾಟುವವರೆಗೂ ವಾಪಸ್ ಇಳಿದುಬಿಡೋಣ ಎಂದೇ ಅನ್ನಿಸುತ್ತಿತ್ತು. ವಸುಧಾ ಲ್ಯಾಬಿನಿಂದ ಆಗಷ್ಟೇ ಬಂದಿದ್ದಳು. ಕೂರಿ ಎಂದಳು, ನೀರು ಕೊಟ್ಟಳು. ನಾನು ಅವಳ ಕೈ ಹಿಡಿಯಲು ಹೋದೆ, ಅವಳು ಬಿಡಿಸಿಕೊಂಡಳು.

“ಕ್ಷಮೆ ಗಿಮೆ ಕೇಳ್ಬೇಡಿ ಅತ್ತಿಗೆ. ನಿಮಗೆ ಹಗುರ ಆಗೋಕೆ ನಾನು ಬೇಕಾ? ಪ್ರತಿ ವಾರ ಅವಳಿಗೆ ನಿಜ ಹೇಳಿದೀನಿ. ಸುಳ್ಳು ಅಂತಾಳೆ. ಗಿರಿಜತ್ತೆ ಹೇಳಲಿ ನೋಡೋಣ ಅಂತಾಳೆ.” ಧ್ವನಿ ಏರಿತ್ತು. “ಹೋಗಿ ಅಲ್ಲಿ ಹೇಳಿ. ಎಲ್ಲರ ಮುಂದೆ ಹೇಳಿ. ಅಲ್ಲೀವರೆಗೆ ಈ ಮನೆಗೆ ಬರ್ಬೇಡಿ.”

ಹೊರಡುವಾಗ ಬಾಗಿಲವರೆಗೆ ಬರಲಿಲ್ಲ. ಬರಬಾರದಿತ್ತು ಕೂಡ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು, “ಈಗ್ಯಾಕೆ ಇದೆಲ್ಲ?” ಎಂದರು. ಕುಡಿದೆಯಾ ಎಂದು ಕೇಳಲಿಲ್ಲ. ತಂಗಿಗೆ ಅನ್ಯಾಯವಾಯಿತು ಎನ್ನಲೂ ಇಲ್ಲ. ಈಗ್ಯಾಕೆ — ಅಷ್ಟೇ.

ಭಾನುವಾರ ಒಬ್ಬಳೇ ಹೊಸಮನೆಗೆ ಹೋದೆ. ಎಲ್ಲರೂ ತಿಂಡಿಗೆ ಕುಳಿತಿದ್ದರು. ನಿಂತೇ ಹೇಳಿದೆ. ಕರೆದುಕೊಂಡು ಹೋದದ್ದು ನಾನು, ಗ್ಲಾಸು ನನ್ನದು, ಸುಳ್ಳು ನನ್ನದು. ವಸುಧಾ ಒಂದು ಗುಟುಕು ಕುಡಿದಳು, ಕುಡಿದರೆ ಏನು? ನಾನು ನಾಲ್ಕಾರು ಮಳಿಗೆ ಸುತ್ತಿ ಕುಡಿದೆ, ನನ್ನ ಮಕ್ಕಳನ್ನು ಯಾರೂ ಕಿತ್ತುಕೊಳ್ಳಲಿಲ್ಲ.

“ಗಿರಿಜಮ್ಮ, ಹುಷಾರಿಲ್ವಾ ನಿಮಗೆ?” ಎಂದರು ರಾಜಶೇಖರ.

“ಚೆನ್ನಾಗಿದೀನಿ. ಮೇಳದ ಗೇಟಿನ ಹತ್ರ ನೀವು ಎಷ್ಟು ಚೆನ್ನಾಗಿದ್ರೋ ಅಷ್ಟೇ ಚೆನ್ನಾಗಿದೀನಿ.”

ಮುದುಕರು ಮಗನ ಕಡೆ ನೋಡಿದರು. ಮಗ ತಟ್ಟೆ ನೋಡಿಕೊಂಡ. ಸಿಂಚನಾ ಎದ್ದು ನಿಂತಳು.

“ದೊಡ್ಡಪ್ಪ, ನೀವೂ ಅಲ್ಲಿದ್ರಾ?”

ಅವಳು ನನ್ನ ಎದುರಿಗೆ ಬಂದಳು. “ಪ್ರತಿ ಭಾನುವಾರ ಅಮ್ಮ ಬಂದಾಗ ನಾನು ಟೀವಿ ಜೋರು ಮಾಡ್ತಿದ್ದೆ ಅತ್ತೆ. ಅವರು ಮಾತಾಡಿದ್ದು ಕೇಳಬಾರ್ದು ಅಂತ. ನಿಮಗೆ ಗೊತ್ತಾ?”

ನನಗೆ ಗೊತ್ತಿರಲಿಲ್ಲ.

ಒಳಗೆ ಹೋಗಿ ಬ್ಯಾಗು ತಂದಳು. ಭದ್ರಾವತಿಗೆ ಹೋಗ್ತೀನಿ ಎಂದಳು. ಅಜ್ಜಿ ಅಳಲು ಶುರು ಮಾಡಿದರು. “ನಾನು ಬಿಟ್ಟು ಬರ್ತೀನಿ” ಎಂದು ನಾನು ಹೊರಟರೆ, ಗೇಟಿನ ಬಳಿ ತಿರುಗಿ ನಿಂತು, “ನೀವು ಬರ್ಬೇಡಿ” ಎಂದಳು. ಧ್ವನಿ ಥೇಟ್ ಅವಳ ಅಮ್ಮನದೇ.

ಆಮೇಲೆ ಭದ್ರಾವತಿಯಿಂದ ನನಗೆ ಫೋನ್ ಬಂದಿಲ್ಲ. ಸಿಂಚನಾ ಅಲ್ಲೇ ಇದ್ದಾಳೆ, ಅಲ್ಲಿಂದಲೇ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಾಳೆ ಎಂದು ಬೇರೆಯವರಿಂದ ಕೇಳಿದೆ. ಮನೆ ಖಾಲಿ ಮಾಡಿಸುವ ಮಾತು ಮತ್ತೆ ಎದ್ದಿದೆಯಂತೆ. ಖಾಲಿ ಮಾಡಿಸಿದರೆ ನಮ್ಮ ಮಹಡಿಯ ಕೋಣೆ ಅವರಿಬ್ಬರದು ಎಂದು ಗಂಡನಿಗೆ ಹೇಳಿದ್ದೇನೆ, ಒಪ್ಪಿಗೆ ಕೇಳಲಿಲ್ಲ, ಹೇಳಿದೆ. ತಾಯಿ ಮಗಳು ಬರಲಿಕ್ಕಿಲ್ಲ. ನಾನಿರುವ ಮನೆಗೆ ಅವರು ಯಾಕೆ ಬರಬೇಕು?