ಗಡಿಯಾರ ನೋಡದೆ ಹಿಡಿದ ನಾಡಿ

ಹನ್ನೊಂದು ವರ್ಷ ಟಿವಿಯಲ್ಲಿ ಜನರನ್ನು ನಗಿಸಿದ್ದು ನಾನಲ್ಲ, ನಮ್ಮವ್ವ. ಬೆಂಗಳೂರಿನಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ಭಾಲ್ಕಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆಕೆ ರೋಗಿಯ ಮಣಿಕಟ್ಟು ಹಿಡಿದು, ನಾಡಿ ನೋಡುತ್ತಲೇ ಬೈಯುತ್ತಿದ್ದಳು: "ಸಾಯಂಗಿಲ್ಲ ನೀ, ಸುಮ್ನ ಮಲ್ಕೋ!" ಔರಾದಿನಿಂದ ಬಸ್ಸು ಹತ್ತಿ ಬಂದವರು ಆ ಬೈಗುಳಕ್ಕೇ ಅರ್ಧ ಗುಣವಾಗುತ್ತಿದ್ದರು. ನಾಯಕಿಯಾಗುತ್ತೇನೆಂದು ಹೋದ ನನಗೆ ಸಿಕ್ಕಿದ್ದು ಕಾಮಿಡಿ ಧಾರಾವಾಹಿಯ ಜಗಳಗಂಟಿ ಅತ್ತೆಯ ಪಾತ್ರ. ಬೇರೇನೂ ಹೊಳೆಯಲಿಲ್ಲ. ಸೊಸೆ, ಹಾಲಿನವ, ಪೊಲೀಸ್, ಯಾರು ಎದುರಾದರೂ ಮಣಿಕಟ್ಟು ಹಿಡಿದು ಅವ್ವನ ಮಾತನ್ನೇ ಬಿಸಾಡಿದೆ. ಜನ ಬಿದ್ದು ಬಿದ್ದು ನಕ್ಕರು. ನನ್ನ ಹೊಟ್ಟೆ ತುಂಬಿತು.

ಅವ್ವ ಮಾತ್ರ ಆ ಧಾರಾವಾಹಿಯ ಸುದ್ದಿಯನ್ನು ಒಮ್ಮೆಯೂ ಎತ್ತಲಿಲ್ಲ. ಫೋನಿನಲ್ಲಿ ಊಟ ಆಯ್ತೇನು, ಚರ್ಚಿಗೆ ಹೋಗಿದ್ದೇನು, ಅಷ್ಟೇ. ಸಿಟ್ಟಾಗಿದ್ದಾಳೋ, ಮಗಳೇ ಅಣಕಿಸಿದಳೆಂದು ನೊಂದಿದ್ದಾಳೋ? ಕೇಳುವ ಧೈರ್ಯ ನನಗಿರಲಿಲ್ಲ. ಊರಿಗೆ ಹೋಗುವುದನ್ನು ಕಡಿಮೆ ಮಾಡಿದೆ.

ಹೋದ ಮಳೆಗಾಲ ಅವ್ವ ತೀರಿಕೊಂಡಳು. ಬೀದರಿನ ಚರ್ಚಿನಲ್ಲಿ ಆಕೆಯ ನೆನಪಿನ ಆರಾಧನೆ ನಡೆಯಿತು. ನಮ್ಮಲ್ಲಿ ಮನೆಯವರು ಎದ್ದು ನಿಂತು ಹೋದವರ ಬಗ್ಗೆ ಸಾಕ್ಷಿ ಹೇಳಬೇಕು. ಎದ್ದೆ. "ನಮ್ಮವ್ವ ರೋಗಿಗಳಿಗೆ ಹೇಳ್ತಿದ್ದಳ್ರಿ, ಸಾಯಂಗಿಲ್ಲ ನೀ..." ಎನ್ನುತ್ತಿದ್ದಂತೆ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ಚರ್ಚೇ ನಕ್ಕಿತು. ಪಾಸ್ಟರ್ ಕೂಡ ಬೈಬಲ್ಲಿನ ಹಿಂದೆ ಮುಖ ಮರೆಮಾಡಿಕೊಂಡರು. ಥೂ, ನನ್ನದೂ ಒಂದು ಕಸುಬೇ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಸಾಕ್ಷಿ ಮುಗಿಸದೆ ಕುಳಿತುಬಿಟ್ಟೆ.

ಮನೆಗೆ ಬಂದ ಮೇಲೆ ಪಕ್ಕದ ಮನೆಯ ಮುಸ್ಲಿಂ ಹೆಂಗಸು ಚಹಾ ತಂದರು. ಚಿಕ್ಕಂದಿನಿಂದ ಅವರು ನನಗೆ ಖಾಲಾ, ಚಿಕ್ಕಮ್ಮನಿದ್ದ ಹಾಗೆ. ಧಾರಾವಾಹಿ ನಿಂತ ಮೇಲೂ ಹಳೆಯ ಕಂತುಗಳು ಸಂಜೆ ಬರುತ್ತಿದ್ದವು; ಅವನ್ನು ಅವ್ವನ ಜೊತೆ ಕುಳಿತು ನೋಡುತ್ತಿದ್ದವರು ಅವರೇ.

"ಖಾಲಾ, ಅವ್ವಗ ನನ್ನ ಮ್ಯಾಲ ಸಿಟ್ಟಿತ್ತೇನ್ರಿ?"

"ಇತ್ತಲ್ಲ! ಭಾಳ ಗುಸ್ಸಾ ಆಗ್ತಿದ್ರು."

ನಾನು ಚಹಾದ ಕಪ್ಪು ಕೆಳಗಿಟ್ಟೆ.

"'ಗಡಿಯಾರ ನೋಡ್ಲಾರ್ದ ನಾಡಿ ಹಿಡಿತಾಳ ನೋಡ್ರಿ ಹುಚ್ಚಿ, ಹ್ಯಾಂಗ ಎಣಸ್ತಾಳ?' ಅಂತಿದ್ರು. ಎದ್ದು ನಿಂತು ನನ್ನ ಕೈ ಹಿಡ್ದು ಮಾಡಿ ತೋರಸ್ತಿದ್ರು. ನಕ್ಕು ನಕ್ಕು ಇಬ್ರಿಗೂ ಸಾಕಾಗ್ತಿತ್ತು."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ನಾನೂ ಕೇಳ್ದೆ. 'ಫೋನಿನ್ಯಾಗ ಹೇಳಿದ್ರ ತಿಳಿಯಂಗಿಲ್ರಿ. ಶೂಟಿಂಗ್ ಮುಗಿಸಿ ಬರ್ಲಿ, ಕೈ ಹಿಡ್ದು ಕಲಸ್ತೇನಿ' ಅಂದ್ರು."

ಶೂಟಿಂಗ್ ಮುಗಿದು ಎರಡು ವರ್ಷವಾಗಿತ್ತು. ಎರಡೂ ಕ್ರಿಸ್ಮಸ್ಸಿಗೆ ನಾನೇ ಫೋನು ಮಾಡಿ, ಶೂಟಿಂಗ್ ಅದ ಅವ್ವಾ, ರಜಾ ಕೊಡವಲ್ರು ಎಂದಿದ್ದೆ.